ಸರ್ವರಿನ ಗಡಿಯಾರಕ್ಕೆ ಯಾವುದು: ಕ್ರೋನಿ, ಎನ್‌ಟಿಪಿಡಿ, ಟೈಮ್‌ಸಿಂಕ್‌ಡಿ

ಲಿನಕ್ಸ್ ಸರ್ವರಿನ ಸಮಯವನ್ನು ಸರಿಯಾಗಿ ಇಡುವ ಮೂರು ತಂತ್ರಾಂಶಗಳನ್ನು ಒಂದೇ ಯಂತ್ರದ ಮೇಲಿನ ಮೂರು ವರ್ಚುವಲ್ ಸರ್ವರುಗಳಲ್ಲಿ ಅಳವಡಿಸಿ, ಎಲ್ಲಕ್ಕೂ ಸಮಯದ ಮೂಲವಾಗಿ ಎನ್‌ಐಸಿಯ (ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ‘ಸಮಯ್’ ಸರ್ವರುಗಳನ್ನೂ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರನ್ನೂ ಕೊಟ್ಟು ಕೆಲವು ವಾರ ಗಮನಿಸಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರ ಹೊಂದಿಸಲು ಈ ಎರಡು ಸಂಸ್ಥೆಗಳ ಹೆಸರೇ ಇರುವುದರಿಂದ ಸಮಯದ ಮೂಲವನ್ನು ಆರಿಸಲು ಹೆಚ್ಚು ಯೋಚಿಸಬೇಕಾಗಲಿಲ್ಲ.

ಎಲ್ಲವೂ ಸರಿಯಿದ್ದ ದಿನಗಳಲ್ಲಿ ಮೂರರ ನಡುವೆ ನಮ್ಮ ಕೆಲಸಕ್ಕೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗಡಿಯಾರ ಕೆಟ್ಟಾಗ. ವರ್ಚುವಲ್ ಸರ್ವರುಗಳನ್ನು ಓಡಿಸುವ ತಂತ್ರಾಂಶವಾದ ಹೈಪರ್‌ವೈಸರ್ ತಾನೇ ಸಮಯ ತಿದ್ದುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿ, ಮೂರು ಸರ್ವರುಗಳನ್ನೂ 40 ನಿಮಿಷ ತಡೆಹಿಡಿದು ಮತ್ತೆ ಚಾಲೂ ಮಾಡಿದೆ. ಎನ್‌ಟಿಪಿಡಿ ಸ್ವಲ್ಪ ಹೊತ್ತಿನ ನಂತರ, ತಿದ್ದುಪಡಿ 1000 ಸೆಕೆಂಡಿನ ಮಿತಿಯನ್ನು ಮೀರಿದೆ, ಗಡಿಯಾರವನ್ನು ಕೈಯಾರೆ ಸರಿಪಡಿಸಿ ಎಂಬ ಒಂದು ಸಾಲನ್ನು ಲಾಗಿನಲ್ಲಿ ಬರೆದು ನಿಂತೇಹೋಯಿತು. ಯಾರೂ ಲಾಗ್ ನೋಡದಿದ್ದರೆ ಆ ಸರ್ವರು ತಪ್ಪು ಸಮಯದಲ್ಲೇ ಮುಂದುವರಿಯುತ್ತದೆ. ಇದನ್ನು ನಾನು ದೊಡ್ಡ ಕೊರತೆಯೆಂದೇ ಭಾವಿಸುತ್ತೇನೆ. ಟೈಮ್‌ಸಿಂಕ್‌ಡಿ ಮೂಲ ಸರ್ವರನ್ನು ಸಮಯ ಕೇಳುವ ತನ್ನ ಮುಂದಿನ ಸರದಿ ಬಂದ ಕೂಡಲೇ ಒಂದೇ ಜಿಗಿತದಲ್ಲಿ ಸರಿಯಾಯಿತು. ಆ ಸರದಿಗೆ ಗರಿಷ್ಠ 2048 ಸೆಕೆಂಡು, ಅಂದರೆ ಸುಮಾರು 34 ನಿಮಿಷ, ಕಾಯಬೇಕಾಗಬಹುದು.

ನನಗೆ ಅಚ್ಚರಿ ತಂದದ್ದು ಕ್ರೋನಿ. ಅದರೊಂದಿಗೆ ಬರುವ ಸೆಟ್ಟಿಂಗ್ ಕಡತದ ‘ಮೇಕ್‌ಸ್ಟೆಪ್ 1.0 3’ ಎಂಬ ಸಾಲಿನ ಪ್ರಕಾರ, ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ ಜಿಗಿತಕ್ಕೆ ಅವಕಾಶವಿದೆ. ಆಮೇಲೆ ಅದು ಗಡಿಯಾರವನ್ನು ನಿಮಿಷಕ್ಕೆ ಹೆಚ್ಚೆಂದರೆ 5 ಸೆಕೆಂಡಿನಷ್ಟು ವೇಗವಾಗಿ ಓಡಿಸುತ್ತದೆ. 40 ನಿಮಿಷದ ಹಿನ್ನಡೆ ತುಂಬಲು ಆ ಲೆಕ್ಕದಲ್ಲಿ 8 ಗಂಟೆ ಬೇಕು. ‘ಕ್ರೋನಿಸಿ ಟ್ರ್ಯಾಕಿಂಗ್’ ಎಂಬ ಆದೇಶ ಕೊಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳುತ್ತಾ, ಉಳಿದ ಸೆಕೆಂಡುಗಳು ಕರಗುವುದನ್ನು ನೋಡುತ್ತಾ ಕುಳಿತಿದ್ದೆ.

ಆದರೂ ನನ್ನ ಆಯ್ಕೆ ಕ್ರೋನಿಯೇ. ಟೈಮ್‌ಸಿಂಕ್‌ಡಿ ಒಮ್ಮೆಗೆ ಒಂದೇ ಸರ್ವರನ್ನು ನಂಬುತ್ತದೆ. ಆ ಸರ್ವರು ತಪ್ಪು ಹೇಳಿದರೆ ತಪ್ಪನ್ನೇ ಒಪ್ಪಿಕೊಳ್ಳುತ್ತದೆ. ಬೇಕೆಂದೇ ಹತ್ತು ಸೆಕೆಂಡು ಮುಂದಿಟ್ಟ ನಮ್ಮದೊಂದು ಸರ್ವರನ್ನು ನಾಲ್ಕನೆಯ ಮೂಲವಾಗಿ ಸೇರಿಸಿದಾಗ, ಕ್ರೋನಿ ಉಳಿದ ಮೂರರೊಂದಿಗೆ ಹೋಲಿಸಿ ಅದರ ಮುಂದೆ ‘ಎಕ್ಸ್’ ಗುರುತು ಹಾಕಿ ಕೈಬಿಟ್ಟಿತು. ಎನ್‌ಟಿಪಿಡಿಯೂ ಇದನ್ನು ಮಾಡುತ್ತದೆ, ಆದರೆ ರೆಡ್ ಹ್ಯಾಟ್ ಲಿನಕ್ಸಿನ 8ನೇ ಆವೃತ್ತಿಯಿಂದ ಎನ್‌ಟಿಪಿಡಿಯನ್ನೇ ತೆಗೆದುಹಾಕಿದ್ದಾರೆ. ಗೂಢಲಿಪೀಕೃತ ದೃಢೀಕರಣವಾದ ಎನ್‌ಟಿಎಸ್ ಬೇಕೆಂದರೂ ಕ್ರೋನಿ 4.0ರಿಂದ ಅದು ಸಿಗುತ್ತದೆ. ಲಾಗ್ ಮಾತ್ರ ಬರೆಯುವ ಚಿಕ್ಕ ಸರ್ವರುಗಳಿಗೆ ಟೈಮ್‌ಸಿಂಕ್‌ಡಿ ಸಾಕು.

ಸಾಮಾನ್ಯ ವರ್ಚುವಲ್ ಸರ್ವರುಗಳಲ್ಲಿ ಈಗ ‘ಮೇಕ್‌ಸ್ಟೆಪ್’ ಸಾಲಿನ ಕೊನೆಯ 3ನ್ನು -1 ಮಾಡಿದ್ದೇನೆ; ಆಗ ಯಾವಾಗ ಬೇಕಾದರೂ ಜಿಗಿಯಬಹುದು. ಡೇಟಾಬೇಸ್ ಸರ್ವರಿನಲ್ಲಿ ಮಾತ್ರ 3ನ್ನೇ ಉಳಿಸಿದ್ದೇನೆ, ಏಕೆಂದರೆ ಓಡುತ್ತಿರುವ ಡೇಟಾಬೇಸಿನಡಿ ಸಮಯ ಹಿಂದಕ್ಕೆ ಜಿಗಿದರೆ ದಾಖಲೆಗಳ ಕ್ರಮವೇ ತಪ್ಪುತ್ತದೆ. ಆ ಸರ್ವರನ್ನು ತಡೆಹಿಡಿಯಬೇಕಾಗಿ ಬಂದಾಗ ಮೊದಲು ಡೇಟಾಬೇಸನ್ನು ನಿಲ್ಲಿಸಿ, ಮರಳಿ ಚಾಲೂ ಮಾಡಿದ ಮೇಲೆ ಕ್ರೋನಿಯನ್ನು ರೀಸ್ಟಾರ್ಟ್ ಮಾಡಿ, ಸಮಯ ಕೂಡಿತೆಂದು ನೋಡಿಕೊಂಡ ಬಳಿಕವೇ ಡೇಟಾಬೇಸನ್ನು ಶುರು ಮಾಡುತ್ತೇನೆ.