ಆರು ಮಳೆಗಾಲ, 91 ಸಾವಿರ ಕಿಲೋಮೀಟರ್: ನನ್ನ ಕಾರಿನ ಲೈಟು, ವೈಪರ್ ಬಗ್ಗೆ ಮಾತ್ರ

2019ರ ನವೆಂಬರಿನಲ್ಲಿ ತೆಗೆದುಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದು. ಮಧ್ಯದ ವೇರಿಯಂಟ್. ಹ್ಯಾಲೊಜೆನ್ ಹೆಡ್‌ಲೈಟ್, ಮುಂದೆ ಎರಡು ಫಾಗ್ ಲ್ಯಾಂಪ್, ಹಿಂದಿನ ಗಾಜಿಗೂ ಒಂದು ವೈಪರ್. ಆಟೋಮ್ಯಾಟಿಕ್ ಅನ್ನುವಂಥದ್ದು ಯಾವುದೂ ಇಲ್ಲ, ಎಲ್ಲವನ್ನೂ ನಾವೇ ತಿರುಗಿಸಬೇಕು. ಮೈಲೇಜು, ಪಿಕಪ್ಪು ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಲೈಟು, ವೈಪರ್ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಆರು ವರ್ಷ ನನ್ನ ತಲೆ ತಿಂದಿದ್ದು ಅವೇ. ಕಾರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ. ಹೈ ಬೀಮು, ಲೋ ಬೀಮು ಎರಡೂ ಒಂದರಲ್ಲೇ ಇರುವ ಎಚ್4 ಹ್ಯಾಲೊಜೆನ್ ಬಲ್ಬಿನ ಯಾವ ಕಾರಾದರೂ ಕಥೆ ಹೆಚ್ಚುಕಡಿಮೆ ಇದೇ.

ಮನೆ ಬೆಂಗಳೂರು, ಊರು ಬೆಳ್ತಂಗಡಿ ಕಡೆ. ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ, ಬಹುಪಾಲು ಶುಕ್ರವಾರ ಕೆಲಸ ಮುಗಿಸಿಕೊಂಡು ರಾತ್ರಿಯೇ. ಚಾರ್ಮಾಡಿ ಘಾಟಿ ತೆರೆದಿದ್ದರೆ ಚಾರ್ಮಾಡಿ, ಇಲ್ಲದಿದ್ದರೆ ಶಿರಾಡಿ. ಕೊಟ್ಟಿಗೆಹಾರದಿಂದ ಕೆಳಗೆ ಜುಲೈ ತಿಂಗಳಲ್ಲಿ ರಾತ್ರಿ ಇಳಿದವರಿಗೆ ನಾನು ಯಾಕೆ ಇಷ್ಟೊಂದು ಕೊರೆಯುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಮಳೆ, ಅದರ ಮೇಲೆ ಮಂಜು, ರಸ್ತೆಯ ಬಿಳಿ ಗೆರೆ ಅರ್ಧ ಅಳಿಸಿರುತ್ತದೆ, ತಿರುವಿನಲ್ಲಿ ಎದುರಿಗೆ ಬಸ್ಸು.

ಮೊದಲು ವೈಪರ್.

2020ರ ಲಾಕ್‌ಡೌನ್‌ನಲ್ಲಿ ಕಾರು ಎರಡು ತಿಂಗಳು ಬಿಸಿಲಲ್ಲಿ ಅಲ್ಲಾಡದೆ ನಿಂತಿತ್ತು. ಜೂನ್‌ನ ಮೊದಲ ಮಳೆಗೆ ವೈಪರ್ ಹಾಕಿದರೆ ಟರ್ರ್ ಟರ್ರ್ ಅಂತ ಸದ್ದು, ಗಾಜಿನ ತುಂಬಾ ಗೆರೆ. ಕಾರಿಗೆ ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಎತ್ತಿ ನೋಡಿದರೆ ರಬ್ಬರಿನ ಅಂಚು ಒಂದೇ ಕಡೆ ವಾಲಿ ಹಾಗೇ ಗಟ್ಟಿಯಾಗಿತ್ತು. ಈ ರಬ್ಬರು ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಮಗುಚಬೇಕು. ಮಗುಚದೆ ಸೆಟೆದುಕೊಂಡರೆ ಅದು ಗಾಜಿನ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ. ಸದ್ದು ಬರುವುದು ಅಲ್ಲಿಂದ.

ಹೊಸ ಬ್ಲೇಡ್ ಹಾಕಿಸಿದೆ. ಒಂದು ತಿಂಗಳಿಗೆ ಮತ್ತೆ ಅದೇ ಟರ್ರ್. ಬೇರೆ ಬ್ರ್ಯಾಂಡ್ ಹಾಕಿದೆ, ಅದೂ ಹಾಗೇ. ಅಂಗಡಿಯವನನ್ನು ಬೈದುಕೊಂಡೆ. ಪಾಪ, ಅವನದ್ದೇನೂ ತಪ್ಪಿರಲಿಲ್ಲ. ನಾನು ಕಾರು ತೊಳೆಸುತ್ತಿದ್ದ ಕಡೆ ಬಾಡಿಗೆ ಹಚ್ಚುವ ಪಾಲಿಶ್ ಬಟ್ಟೆಯನ್ನೇ ಗಾಜಿಗೂ ಒಂದು ಸುತ್ತು ಉಜ್ಜಿ ಕೊಡುತ್ತಿದ್ದರು. ನೋಡಲು ಫಳಫಳ. ಮಳೆ ಬಂದಾಗ ಆ ವ್ಯಾಕ್ಸಿನ ಪದರದ ಮೇಲೆ ರಬ್ಬರು ಓಡಿ, ಎದುರಿನ ಲೈಟ್ ಬಿದ್ದ ಕೂಡಲೇ ಇಡೀ ಗಾಜು ಎಣ್ಣೆ ಚೆಲ್ಲಿದ ಹಾಗೆ. ಜೊತೆಗೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಅದರಿಂದ ಉದುರುವ ಅಂಟು ಬರೀ ನೀರಿಗೆ ಹೋಗುವುದಿಲ್ಲ.

ಈಗ ಮಾಡುವುದು ಇಷ್ಟೇ. ಊರಿಗೆ ಹೊರಡುವ ಹಿಂದಿನ ದಿನ ಸ್ವಲ್ಪ ಶ್ಯಾಂಪೂ ಹಾಕಿದ ನೀರಿನಲ್ಲಿ ಗಾಜು ಚೆನ್ನಾಗಿ ತೊಳೆದು, ಇದಕ್ಕೆಂದೇ ಇಟ್ಟ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ವೈಪರ್ ಎತ್ತಿ ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಎಳೆಯುವುದು. ಬಟ್ಟೆಗೆ ಮೆತ್ತಿಕೊಳ್ಳುವ ಕರಿ ನೋಡಿದರೆ ಗಾಬರಿಯಾಗುತ್ತದೆ. ಇದನ್ನು ಶುರು ಮಾಡಿದ ಮೇಲೆ ಬ್ಲೇಡ್ ಒಂದು ಪೂರ್ತಿ ವರ್ಷ ಬರುತ್ತಿದೆ. ಪ್ರತಿ ಮೇ ಕೊನೆಯಲ್ಲಿ ಮುಂದಿನ ಎರಡನ್ನೂ ಬದಲಾಯಿಸುತ್ತೇನೆ, ಮಳೆ ಮುಗಿದ ಮೇಲೆ ಹೊಸದು ಹಾಕಿ ಬಿಸಿಲಿಗೆ ಒಣಗಿಸುವುದು ದಂಡ. ಫ್ರೇಮ್ ಇಲ್ಲದ ದುಬಾರಿ ಬ್ಲೇಡ್ ಎರಡು ವರ್ಷ ಹಾಕಿ ನೋಡಿದೆ. ಚಂದ ಕಾಣುತ್ತದೆ, ಒರೆಸುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ವಾಪಸ್ ಮಾಮೂಲಿ ಫ್ರೇಮಿನದ್ದಕ್ಕೆ ಬಂದೆ. ಒಂದೇ ಎಚ್ಚರ, ಡ್ರೈವರ್ ಕಡೆಯದು ಉದ್ದ, ಎಡಗಡೆಯದು ಗಿಡ್ಡ, ಅಳತೆ ನೋಡಿ ತೆಗೆದುಕೊಳ್ಳಿ. ಹೆಚ್ಚು ಉದ್ದದ್ದು ಹಾಕಿದರೆ ಎರಡೂ ಒಂದಕ್ಕೊಂದು ತಾಗುತ್ತವೆ.

ಬ್ಲೇಡ್ ಬಿಚ್ಚುವಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳಿ. ನಾನು ಹಾಸಿರಲಿಲ್ಲ. ಬ್ಲೇಡ್ ಕೈಯಲ್ಲಿತ್ತು, ಕಬ್ಬಿಣದ ತೋಳು ಸ್ಪ್ರಿಂಗಿನ ಜೋರಿಗೆ ಪಟಾರ್ ಅಂತ ಗಾಜಿಗೆ ಬಡಿಯಿತು. ಒಡೆಯಲಿಲ್ಲ, ಆದರೆ ಒಂದು ಸಾಸಿವೆ ಗಾತ್ರದ ಚುಕ್ಕೆ ಇವತ್ತಿಗೂ ಇದೆ.

ವಾಷರ್ ನೀರಿನ ವಿಷಯದಲ್ಲೂ ಎಡವಿದ್ದೇನೆ. ಬೋರ್‌ವೆಲ್ ನೀರು ತುಂಬಿಸುತ್ತಿದ್ದೆ. ಗಡಸು ನೀರು ಒಣಗಿ ನಳಿಕೆಯ ತೂತಿಗೆ ಬಿಳಿ ಪುಡಿ ಕಟ್ಟಿ, ಕೊನೆಗೆ ಮೋಟಾರ್ ಗುಂಯ್ ಅನ್ನುತ್ತದೆ, ನೀರು ಬರುವುದಿಲ್ಲ. ಗುಂಡುಸೂಜಿ ಹಾಕಿ ಬಿಡಿಸಿದೆ. ಅದೇ ಸೂಜಿಯಿಂದ ಒಳಗಿನ ಚಿಕ್ಕ ಗುಂಡನ್ನು ಹದವಾಗಿ ತಿರುಗಿಸಿದರೆ ನೀರು ಎಲ್ಲಿ ಬೀಳಬೇಕು ಅಂತ ಹೊಂದಿಸಬಹುದು. ಮೊದಲು ನನ್ನದು ಗಾಜು ಬಿಟ್ಟು ಹಿಂದೆ ಬರುವ ಬೈಕಿನವರಿಗೆ ಸ್ನಾನ ಮಾಡಿಸುತ್ತಿತ್ತು. ಈಗ ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿಗೆ ಹಿಡಿದು, ಸೋಸಿ, ವಾಷರ್ ಲಿಕ್ವಿಡ್ ಸ್ವಲ್ಪ ಸೇರಿಸಿ ಹಾಕುತ್ತೇನೆ. ಪಾತ್ರೆ ತೊಳೆಯುವ ಸೋಪು ಬೇಡ, ನೊರೆ ಬಂದು ಇನ್ನೂ ಕಾಣದ ಹಾಗೆ ಆಗುತ್ತದೆ. ಮೊದಲ ಮಳೆಯ ಸಂಜೆ ಹಾಸನ ದಾರಿಯಲ್ಲಿ ಮಳೆಹುಳು ಎದ್ದಾಗ ಮಾತ್ರ ಈ ನೀರೂ ಸಾಲದು. ಆಗ ವೈಪರ್ ಹಾಕಿದಿರೋ, ಕೆಟ್ಟಿರಿ. ಗಾಜಿನ ತುಂಬಾ ರೆಕ್ಕೆಯ ಪಾಯಸ. ಬದಿಗೆ ನಿಲ್ಲಿಸಿ ಬಾಟಲಿ ನೀರು ಹಾಕಿ ತೊಳೆಯುವುದೇ ವಾಸಿ.

ನೀರು ತಾನಾಗಿ ಜಾರಿಹೋಗಲಿ ಅಂತ ಗಾಜಿಗೆ ಹಚ್ಚುವ ದ್ರಾವಣವನ್ನೂ ಪ್ರಯತ್ನಿಸಿದೆ. ಹೈವೇಯಲ್ಲಿ 70-80ರ ವೇಗದಲ್ಲಿ ಭೇಷ್. ಘಾಟಿಯಲ್ಲಿ ನಾವು ಹೋಗುವುದು 25ರಲ್ಲಿ. ಗಾಳಿಯ ಒತ್ತಡವೇ ಇಲ್ಲ, ಹನಿಗಳು ಮುತ್ತಿನ ಹಾಗೆ ಅಲ್ಲೇ ಕೂತಿರುತ್ತವೆ. ಬೆಟ್ಟದ ಕಡೆಯವರಿಗೆ ಸುಮ್ನೆ ದುಡ್ಡು ದಂಡ.

ಇನ್ನು ಲೈಟು. ಇಲ್ಲಿ ನಾನು ಜಾಸ್ತಿ ದಡ್ಡತನ ಮಾಡಿದ್ದೇನೆ.

ಕಂಪನಿ ಬಲ್ಬ್ ಎಚ್4, 60/55 ವ್ಯಾಟ್. ಹೈ ಬೀಮಿಗೆ 60, ಲೋ ಬೀಮಿಗೆ 55. ಹೊಸದರಲ್ಲೇ ಮಂಕು ಅನ್ನಿಸುತ್ತಿತ್ತು, ಮಳೆಯಲ್ಲಿ ಕಪ್ಪು ಟಾರು ಬೆಳಕನ್ನು ನುಂಗಿಬಿಡುತ್ತಿತ್ತು. 2021ರಲ್ಲಿ ಆನ್‌ಲೈನ್‌ನಲ್ಲಿ ಎಲ್‌ಇಡಿ ಬಲ್ಬ್ ಜೋಡಿ ತರಿಸಿದೆ, ಡಬ್ಬದ ಮೇಲೆ ಬೆಳಕು ಅಳೆಯುವ ಲುಮೆನ್ ಲೆಕ್ಕದಲ್ಲಿ ಸೊನ್ನೆಗಳು ಧಾರಾಳವಾಗಿದ್ದವು. ಮನೆ ಮುಂದೆ ಹಾಕಿ ನೋಡಿದರೆ ಹಾಲು ಚೆಲ್ಲಿದ ಹಾಗೆ ಬಿಳಿ ಬೆಳಕು. ಖುಷಿಯೋ ಖುಷಿ. ಅವತ್ತೇ ರಾತ್ರಿ ಊರಿಗೆ ಹೊರಟೆ. ಬೇಲೂರು ದಾಟುವಷ್ಟರಲ್ಲಿ ಎದುರಿನವರೆಲ್ಲ ಡಿಪ್ಪರ್ ಹೊಡೆದು ಹೊಡೆದು ಸಾಕು ಮಾಡಿದರು, ನಾನು ಇದ್ದಿದ್ದು ಲೋ ಬೀಮಿನಲ್ಲೇ. ಕೊಟ್ಟಿಗೆಹಾರದಲ್ಲಿ ಮಂಜು ಸಿಕ್ಕಿತು ನೋಡಿ, ಮುಂದೆ ಬಿಳಿ ಗೋಡೆ. ಫಾಗ್ ಲ್ಯಾಂಪ್ ಮಾತ್ರ ಹಾಕಿಕೊಂಡು ಎಡಗಡೆಯ ಅಂಚು ನೋಡುತ್ತಾ ಇಳಿದೆ.

ಕಾರಣ ಆಮೇಲೆ ಅರ್ಥವಾಯಿತು. ಎಚ್4 ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಬೆಳಕು ಬಲ್ಬಿನ ಸುತ್ತ ಇರುವ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ, ಹಾಗಾಗಿಯೇ ಗೋಡೆಯ ಮೇಲೆ ಕತ್ತರಿಸಿದ ಹಾಗೆ ಒಂದು ಗೆರೆ ಕಾಣುವುದು. ರಿಫ್ಲೆಕ್ಟರಿನ ಒಂದೊಂದು ಬಾಗನ್ನೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ಪು ಕೂದಲೆಳೆಯಷ್ಟು ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ಹಿಂದೆ ಲಾರಿ, ಬಸ್ಸು, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿಗೆ ಕಪ್ಪು ಬೊಟ್ಟು ಇಡುತ್ತಿದ್ದರು, ನೆನಪಿದೆಯಾ? ಎದುರಿನವರ ಕಣ್ಣಿನ ಬಗ್ಗೆ ಆಗ ಅಷ್ಟಾದರೂ ಮರ್ಯಾದೆ ಇತ್ತು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನವರ ಮೇಲೆ ಕೇಸ್ ಹಾಕಲು ಶುರು ಮಾಡಿದಾಗ ನನಗೆ ಬೇಜಾರೇನೂ ಆಗಲಿಲ್ಲ, ಅಷ್ಟರಲ್ಲಿ ನನ್ನ ಜೋಡಿ ಅಟ್ಟ ಸೇರಿ ಮೂರು ವರ್ಷವಾಗಿತ್ತು.

ಆಮೇಲೆ ಯಾರೋ 100/90 ವ್ಯಾಟ್ ಬಲ್ಬ್ ಹಾಕು ಅಂದರು. ಉಜಿರೆಯ ಹಳೇ ಎಲೆಕ್ಟ್ರಿಶಿಯನ್ ಒಬ್ಬರು ಬೈದು ಕಳಿಸಿದರು. ಕಂಪನಿ ವೈರಿಗೆ ಅಷ್ಟು ಕರೆಂಟ್ ತಡೆಯುವ ತಾಕತ್ತಿಲ್ಲ, ಹೋಲ್ಡರ್ ಕರಗುತ್ತದೆ, ರಸ್ತೆಗೆ ಅದು ಕಾನೂನುಬಾಹಿರ ಕೂಡ. ಅವರು ಮಾಡಿದ್ದು ಬೇರೆ ಕೆಲಸ. ಎಂಜಿನ್ ಓಡುತ್ತಿರುವಾಗ ಮೀಟರ್ ಹಿಡಿದು ಬ್ಯಾಟರಿ ನೋಡಿದರು, 14.1 ವೋಲ್ಟ್. ಲೈಟ್ ಹಾಕಿ ಬಲ್ಬಿನ ಬಾಯಲ್ಲಿ ನೋಡಿದರು, 12.3. ಅಂದರೆ ಸ್ವಿಚ್, ಸಣ್ಣ ವೈರು, ತುಕ್ಕು ಹಿಡಿದ ಅರ್ಥಿಂಗ್ ಸೇರಿ ಸುಮಾರು ಎರಡು ವೋಲ್ಟ್ ತಿಂದಿದ್ದವು. ಎರಡು ವೋಲ್ಟಿಗೆ ಏನು ಮಹಾ ಅನ್ನಬೇಡಿ. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ. ಅವರು ಅರ್ಥಿಂಗ್ ಬೋಲ್ಟ್ ಬಿಚ್ಚಿ ಉಜ್ಜಿ ಕೂರಿಸಿದರು, ಸ್ವಿಚ್ ಬರೀ ಸೂಚನೆ ಕೊಟ್ಟು, ಬಲ್ಬಿಗೆ ಬ್ಯಾಟರಿಯಿಂದ ನೇರ ಕರೆಂಟ್ ಹೋಗುವ ರಿಲೇ ವೈರಿಂಗ್ ಹಾಕಿದರು. ಯಾವ ವೈರನ್ನೂ ಕತ್ತರಿಸಲಿಲ್ಲ, ಎಲ್ಲ ಪ್ಲಗ್ ಮಾಡುವಂಥದ್ದು. ಬಲ್ಬ್ ಅದೇ 60/55. ಅವತ್ತು ರಾತ್ರಿ ನಾನು ಬೇರೆ ಕಾರು ಓಡಿಸಿದ ಹಾಗಿತ್ತು. ಇಡೀ ಆರು ವರ್ಷದಲ್ಲಿ ಲೈಟಿಗೆ ಹಾಕಿದ ದುಡ್ಡಿನಲ್ಲಿ ಸಾರ್ಥಕ ಆಗಿದ್ದು ಇದೊಂದೇ. ಎಲ್‌ಇಡಿಗೆ ಕೊಟ್ಟಿದ್ದರ ಅರ್ಧವೂ ಇದಕ್ಕೆ ಆಗಲಿಲ್ಲ.

ಬಲ್ಬ್ ನೀವೇ ಬದಲಾಯಿಸುವುದಾದರೆ ಗಾಜಿನ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ.

ನಾಲ್ಕನೇ ವರ್ಷಕ್ಕೆ ಹೆಡ್‌ಲೈಟ್ ಕವರ್ ಹಳದಿಯಾಗಲು ಶುರುವಾಯಿತು. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಹೋದ ಮೇಲೆ ಮಬ್ಬಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಎರಡು ವಾರ ಚೆನ್ನಾಗಿತ್ತು. ಆಮೇಲೆ 1000, 2000, 3000 ನಂಬರಿನ ಸ್ಯಾಂಡ್‌ಪೇಪರ್ ನೀರು ಹಾಕಿ ಒಂದಾದ ಮೇಲೆ ಒಂದು ಉಜ್ಜಿ, ಪಾಲಿಶ್ ಮಾಡಿ, ಯುವಿ ತಡೆಯುವ ಕೋಟಿಂಗ್ ಕೊಟ್ಟೆ. ಒಂದು ಭಾನುವಾರ ಪೂರ್ತಿ ಹೋಯಿತು, ಭುಜ ನೋವು ಬೇರೆ. ಆ ಕೊನೆಯ ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಿಗೆ ಮತ್ತೆ ಹಳದಿ. ನನ್ನದು ಎರಡನೇ ವರ್ಷ ನಡೆಯುತ್ತಿದೆ, ಈಗ ಮೇಲಂಚಿನಲ್ಲಿ ಸ್ವಲ್ಪ ಶುರುವಾಗಿದೆ.

ಸ್ಟೀರಿಂಗಿನ ಬಲಕ್ಕೆ, ಕೆಳಗೆ, 0ಯಿಂದ 3ರವರೆಗೆ ನಂಬರ್ ಇರುವ ಒಂದು ಚಕ್ರ ಇದೆ. ಮೂರು ವರ್ಷ ಅದು ಏನಂತಲೇ ಗೊತ್ತಿರಲಿಲ್ಲ ನನಗೆ. ಊರಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ಐವತ್ತು ತೆಂಗಿನಕಾಯಿ, ಒಂದು ಮೂಟೆ ಕುಚ್ಚಲಕ್ಕಿ, ಸೀಸನ್ನಿನಲ್ಲಿ ಎರಡು ಹಲಸು, ಹಿಂದಿನ ಸೀಟಿನಲ್ಲಿ ಮೂರು ಜನ. ಹಿಂಭಾಗ ಕುಸಿದು ಮೂತಿ ಮೇಲೆದ್ದು, ಲೋ ಬೀಮೇ ಎದುರಿನ ಬಸ್ ಡ್ರೈವರಿನ ಮುಖಕ್ಕೆ ಹೊಡೆಯುತ್ತದೆ. ಚಕ್ರವನ್ನು 2 ಅಥವಾ 3ಕ್ಕೆ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಒಬ್ಬರೇ ಇದ್ದರೆ 0. ನಿಮ್ಮ ಕಾರಿನಲ್ಲೂ ಇರಬಹುದು, ಹುಡುಕಿ ನೋಡಿ.

ಓಡಿಸುವ ವಿಷಯಕ್ಕೆ ಬಂದರೆ ಒಂದು ಸಿಟ್ಟು ಹೇಳಿಬಿಡುತ್ತೇನೆ. ಜೋರು ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡು ಹೋಗುವವರು ಯಾಕೆ ಹಾಗೆ ಮಾಡುತ್ತಾರೋ. ಹಜಾರ್ಡ್ ಹಾಕಿದರೆ ಬಹುತೇಕ ಕಾರುಗಳಲ್ಲಿ ಎಡಬಲದ ಸಿಗ್ನಲ್ ಕೆಲಸ ಮಾಡುವುದೇ ಇಲ್ಲ. ನಿಂತಿದ್ದಾನೋ, ಹೋಗುತ್ತಿದ್ದಾನೋ, ತಿರುಗುತ್ತಾನೋ, ಹಿಂದಿನವನಿಗೆ ಏನೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ಹಗಲಾದರೂ ಲೋ ಬೀಮ್ ಹಾಕಿ, ಹಿಂದಿನ ಕೆಂಪು ಲೈಟ್ ತಾನಾಗಿ ಹತ್ತುತ್ತದೆ, ಅಷ್ಟು ಸಾಕು. ಹಗಲಲ್ಲಿ ತಾನಾಗಿ ಉರಿಯುವ ಡಿಆರ್‌ಎಲ್ ಲೈಟ್ ಇದೆಯಲ್ವಾ ಅಂತ ಸುಮ್ಮನಿರಬೇಡಿ, ಹೆಚ್ಚಿನ ಕಾರುಗಳಲ್ಲಿ ಅದು ಮುಂದೆ ಮಾತ್ರ, ಹಿಂದೆ ಕತ್ತಲು.

ಹಿಂದಿನ ಲೈಟು ನಮಗೆ ಕಾಣುವುದಿಲ್ಲ, ಅದೇ ತೊಂದರೆ. ಇಂಡಿಕೇಟರ್ ಬಲ್ಬ್ ಹೋದರೆ ಟಿಕ್ ಟಿಕ್ ಸದ್ದು ಜೋರಾಗಿ ಓಡಿ ತಿಳಿಸುತ್ತದೆ. ಬ್ರೇಕ್ ಲೈಟ್ ಏನೂ ಹೇಳುವುದಿಲ್ಲ. ನನ್ನ ಬಲಗಡೆಯ ಬ್ರೇಕ್ ಲೈಟ್ ಎಷ್ಟು ದಿನ ಸತ್ತಿತ್ತೋ, ಸಕಲೇಶಪುರದ ಟೀ ಅಂಗಡಿಯಲ್ಲಿ ಲಾರಿಯವರೊಬ್ಬರು ಇಳಿದು ಬಂದು ಹೇಳಿದರು. ಈಗ ಬೇಸ್‌ಮೆಂಟಿನಲ್ಲಿ ಗೋಡೆಗೆ ಹಿಂದು ಮಾಡಿ ನಿಲ್ಲಿಸುವಾಗ ಬ್ರೇಕ್ ತುಳಿದು ಕನ್ನಡಿಯಲ್ಲಿ ಎರಡು ಕೆಂಪು ಕಾಣುತ್ತವಾ ಅಂತ ನೋಡುತ್ತೇನೆ.

ಹಿಂದಿನ ವೈಪರ್ ಬಗ್ಗೆ ದೂರಿಲ್ಲ. ಹ್ಯಾಚ್‌ಬ್ಯಾಕ್ ಹಿಂಭಾಗಕ್ಕೆ ಕೆಸರು ಎಷ್ಟು ಎರಚುತ್ತದೆ ಅಂದರೆ, ಅದಿಲ್ಲದ ವೇರಿಯಂಟ್ ತೆಗೆದುಕೊಳ್ಳಬೇಡಿ ಅನ್ನುತ್ತೇನೆ. ಮೂರು ವರ್ಷಕ್ಕೊಮ್ಮೆ ಬ್ಲೇಡ್ ಹಾಕಿದರೂ ನಡೆಯುತ್ತದೆ. ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಮಾತ್ರ ಪ್ರತಿ ಮಳೆಗಾಲಕ್ಕೆ ಮುಂಚೆ ಹೊಂಗೆ ಎಲೆ ತೆಗೆಯಬೇಕು, ನೀರು ಹೋಗುವ ದಾರಿ ಕಟ್ಟಿಕೊಂಡರೆ ವೈಪರ್ ಓಡಿಸುವ ಸರಳುಗಳಿಗೆ (ಲಿಂಕೇಜಿಗೆ) ತುಕ್ಕು.

ಸದ್ಯದ ಸ್ಥಿತಿ: ಎಡಗಡೆಯ ವೈಪರ್ ಫಾಸ್ಟಿಗೆ ಹಾಕಿದಾಗ ಕೊನೆಯಲ್ಲಿ ಒಂದು ಟಕ್ ಅನ್ನುತ್ತಿದೆ, ತೋಳಿನ ನಟ್ ಬಿಗಿ ಮಾಡಿದರೂ ಹೋಗಿಲ್ಲ. ಹೋದ ವಾರ ನಂಬರ್ ಪ್ಲೇಟ್ ಲೈಟ್ ಹೋಯಿತು. ಐದು ವ್ಯಾಟಿನ ಪುಟ್ಟ ಬಲ್ಬ್ ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಕವರಿನ ಸ್ಕ್ರೂ ತುಕ್ಕು ಹಿಡಿದು ಕೂತಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಎರಡು ದಿನ ಆಯಿತು, ಇನ್ನೂ ಅಲ್ಲಾಡಿಲ್ಲ.