ತೆಂಗಿನ ನಾರಿನ ಬಿಲ್ಲೆ ತಗೊಳ್ಳುವವರೇ, ಬೀಜ ಹಾಕುವ ಮುಂಚೆ ಉಪ್ಪು ನೋಡಿ

ಆನ್‌ಲೈನ್‌ನಲ್ಲಿ ಸಿಗುವ ಒತ್ತಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳಿಗೆ ಅಪರೂಪದ ಬೀಜ ಹಾಕಬೇಡಿ. ಹಾಕಲೇಬೇಕು ಎಂದಿದ್ದರೆ ಮೊದಲು ಒಂದು ಬಿಲ್ಲೆಯನ್ನು ನೆನೆಸಿ ಹಿಂಡಿ, ಆ ನೀರಿನಲ್ಲಿ ಉಪ್ಪು ಎಷ್ಟುಂಟು ನೋಡಿ. ಈ ಸಲ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಮಂಗಳೂರು ಕುಲಶೇಖರದ ನಮ್ಮ ಟೆರೇಸಿನಲ್ಲಿ ಹಾಳಾದದ್ದು ಮಟ್ಟುಗುಳ್ಳ ಬದನೆಯ ಬೀಜ. ಅದು ಅಂಗಡಿ ಪ್ಯಾಕೆಟ್ಟಿನದ್ದಲ್ಲ. ಕಟಪಾಡಿ ಕಡೆಯ ನೆಂಟರು ಗಿಡದಲ್ಲೇ ಹಣ್ಣಾಗಲು ಬಿಟ್ಟ ಕಾಯಿಯಿಂದ ತೆಗೆದು, ಬೂದಿ ಹಚ್ಚಿ ಒಣಗಿಸಿ ಕೊಟ್ಟದ್ದು. 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದ ಬದನೆ ಇದು, ಆದರೂ ಅಸಲಿ ಬೀಜ ಈಗಲೂ ಗುರುತಿನವರ ಕೈಯಿಂದಲೇ ಬರಬೇಕು.

ಬಿಲ್ಲೆಯ ಜಾಹೀರಾತಿನಲ್ಲಿ ಬರೆದಿದ್ದದ್ದು: ತೊಳೆದದ್ದು, ಪೋಷಕಾಂಶ ತುಂಬಿದ್ದು, ನೀರು ಹಾಕಿದರೆ ಸಾಕು. ನೀರು ಹಾಕಿದಾಗ ಚೆಂದಕ್ಕೆ ಉಬ್ಬಿದ್ದು ಹೌದು, ಮಕ್ಕಳಿಗೆ ನೋಡಲು ಖುಷಿ. ಆಮೇಲೆ ಬೀಜ ಏಳಲೇ ಇಲ್ಲ. ಅಲ್ಲೊಂದು ಇಲ್ಲೊಂದು ಎದ್ದದ್ದು ಎರಡೆಲೆಯಲ್ಲೇ ನಿಂತಿತು, ಎಲೆಯಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಾಯಿತು. ಬಿಲ್ಲೆಗೆ ಸುತ್ತಿದ ಬಲೆ ಬಿಡಿಸಿ ನೋಡಿದರೆ ಬೇರು ಬೆಳ್ಳಗಿಲ್ಲ, ತುದಿ ಕಪ್ಪಾಗಿ ಮುರುಟಿತ್ತು. ಅದೇ ಬೀಜದಲ್ಲಿ ಒಂದು ಚಿಟಿಕೆಯನ್ನು ಅಮ್ಮ ಸುಡುಮಣ್ಣು, ಹೊಯಿಗೆ, ಹಟ್ಟಿಗೊಬ್ಬರ ಕಲಸಿದ ಅಡಿಕೆ ಹಾಳೆಯ ದೊನ್ನೆಯಲ್ಲಿ ಹಾಕಿಟ್ಟಿದ್ದರು. ಅದೇ ಶೀಟಿನಡಿ, ಅದೇ ನೀರು. ಅವು ದಟ್ಟ ಹಸಿರಾಗಿ ಎದ್ದವು. ಹಾಗಾಗಿ ಬೀಜದ ಮೇಲೆ ತಪ್ಪು ಹೊರಿಸುವ ದಾರಿ ಇಲ್ಲ.

ಮನೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಇದ್ದವರ ಹತ್ತಿರ ಸಾಮಾನ್ಯವಾಗಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ ನೋಡುವ ಪೆನ್ನು ಉಂಟು. ಮಳೆನೀರು ಹಿಡಿದು ಅದರಲ್ಲಿ ಅದ್ದಿದೆ, ಅಂಕಿ ಇಪ್ಪತ್ತನ್ನೂ ಮುಟ್ಟಲಿಲ್ಲ. ಅದೇ ಮಳೆನೀರಿನಲ್ಲಿ ಹೊಸ ಬಿಲ್ಲೆ ಉಬ್ಬಿಸಿ, ಹಿಂಡಿದ ಚಹಾ ಬಣ್ಣದ ನೀರಿಗೆ ಅದ್ದಿದರೆ ಸಾವಿರ ದಾಟಿತು. ಕೋಕೋಪೀಟ್ ವ್ಯಾಪಾರದಲ್ಲಿ ಇದನ್ನು ಇಸಿಯಲ್ಲಿ ಅಳೆಯುತ್ತಾರೆ, ಅಂದರೆ ವಿದ್ಯುತ್ ವಾಹಕತೆ. 'ಲೋ ಇಸಿ' ಎಂದು ಮಾರುವ ಮಾಲಿನಲ್ಲಿ ಅದು ಸೆಂಟಿಮೀಟರಿಗೆ 0.5 ಮಿಲಿಸೀಮನ್ಸ್‌ಗಿಂತ ಕಡಿಮೆ ಇರಬೇಕು. ಪೆನ್ನಿನ ಲೆಕ್ಕಕ್ಕೆ ತಂದರೆ ಸುಮಾರು 250 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 250 ಪಾಲು. ಹಿಂಡಿ ನೋಡುವುದು ಲ್ಯಾಬಿನ ವಿಧಾನ ಅಲ್ಲ, ಅಂಕಿ ಹೆಚ್ಚೇ ಬರುತ್ತದೆ ಎಂದು ಒಪ್ಪೋಣ. ಆದರೂ ಸಾವಿರ ಸಾವಿರವೇ.

ಉಪ್ಪು ಎಲ್ಲಿಂದ ಬಂತು? ನಾರು ತೆಗೆಯಲು ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಸವುಳು ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕುವ ಪದ್ಧತಿ ಕರಾವಳಿಯಲ್ಲಿ ಹಳೆಯದು. ಹಾಗೆ ಮಾಡದೆ ಮಿಷನ್ನಿಗೆ ಕೊಟ್ಟ ಸಿಪ್ಪೆಯಲ್ಲೂ ಪೊಟ್ಯಾಸಿಯಂ, ಕ್ಲೋರೈಡ್ ತಾನಾಗಿಯೇ ಇರುತ್ತದೆ. ಹಾಗಾಗಿ ಒಳನಾಡಿನ ತಿಪಟೂರಿನದ್ದೋ ಪೊಳ್ಳಾಚಿಯದ್ದೋ ಆದರೆ ಉಪ್ಪಿಲ್ಲ ಎನ್ನುವ ಮಾತನ್ನು ನಂಬಬೇಡಿ. ಬೀಜ ಮೊಳೆಯಬೇಕಾದರೆ ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳಬೇಕು. ಉಪ್ಪು ಹೆಚ್ಚಿದ್ದರೆ ಆ ಎಳೆತಕ್ಕೆ ಅಡ್ಡಿ, ಎಳೆಬೇರಿನ ನೀರೂ ಹೊರಗೆ ಹೋಗುತ್ತದೆ. ಮಾವಿನಮಿಡಿ ಉಪ್ಪಿನಲ್ಲಿ ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಹಾಗೆ.

ಮಾರಿದವರಿಗೆ ಫೋಟೋ, ಪೆನ್ನಿನ ಅಂಕಿ ಎರಡೂ ಕಳಿಸಿದೆ. ಮೊದಲ ಉತ್ತರ: ನಿಮ್ಮ ಊರಿನ ಹವಾಮಾನ. ಎರಡನೆಯದು: ಅದು ಉಪ್ಪಲ್ಲ, ನಾವು ತುಂಬಿದ ಪೋಷಕಾಂಶ. ಪೆನ್ನು ಉಪ್ಪನ್ನೂ ಗೊಬ್ಬರವನ್ನೂ ಬೇರೆ ಮಾಡಿ ತೋರಿಸುವುದಿಲ್ಲ ಎಂಬುದು ನಿಜ. ಆದರೆ ಅಷ್ಟು ಗೊಬ್ಬರ ಇದ್ದರೂ ಮೊಳಕೆಗೆ ಅದು ವಿಷವೇ, ಮಾರಾಯ್ರೆ! ಕೊನೆಗೆ ಬಂದ ಪ್ರಸ್ತಾಪ, ನಾನು ಬರೆದ ವಿಮರ್ಶೆ ಅಳಿಸಿದರೆ ಬಿಲ್ಲೆಯ ದುಡ್ಡು ವಾಪಸ್. ಅಳಿಸಲಿಲ್ಲ. ದುಡ್ಡೂ ಬರಲಿಲ್ಲ.

ತೊಳೆದರೆ ಸರಿಯಾಗುತ್ತದೆ ಎನ್ನುವವರು ಸಿಗುತ್ತಾರೆ. ಅರ್ಧ ಸತ್ಯ. ಮಳೆನೀರಿನಲ್ಲಿ ನೆನೆಸಿ ಹಿಂಡಿ, ಪುನಃ ನೆನೆಸಿ ಹಿಂಡಿದರೆ ನೀರಿನಲ್ಲಿ ಬಿಡಿಯಾಗಿರುವ ಉಪ್ಪು ಹೋಗುತ್ತದೆ, ಅಂಕಿಯೂ ಇಳಿಯುತ್ತದೆ. ನಾರಿನ ಪುಡಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ ಮಾತ್ರ ಬರೀ ನೀರಿಗೆ ಬಿಡುವುದಿಲ್ಲ. ಅದನ್ನು ಕಿತ್ತು ಹಾಕಲು ಕ್ಯಾಲ್ಸಿಯಂ ಬೇಕು. ಒಳ್ಳೆಯ ತಯಾರಕರು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಪುನಃ ತೊಳೆಯುತ್ತಾರೆ, ಅದಕ್ಕೆ 'ಬಫರ್ಡ್' ಎಂಬ ಹೆಸರು. ಹಾಗೆ ಮಾಡದ ಪುಡಿಗೆ ನೀವು ಆಮೇಲೆ ಗೊಬ್ಬರ ಕೊಟ್ಟರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಅದು ತಾನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಇನ್ನು ಕಡಲ ಹತ್ತಿರ ಮನೆ ಇದ್ದವರು ಏಪ್ರಿಲ್, ಮೇಯಲ್ಲಿ ಸವುಳಾದ ಬಾವಿನೀರಿನಲ್ಲಿ ತೊಳೆಯುವ ಕೆಲಸಕ್ಕೆ ಹೋಗಲೇಬೇಡಿ.

ಉಪ್ಪಲ್ಲದೆ, ಸಸಿಗೆ ಹೊಟ್ಟೆಗಿಲ್ಲದ ಸಮಸ್ಯೆ ಬೇರೆ. ನಾರಿನ ಪುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ 100:1ಕ್ಕಿಂತ ಹೆಚ್ಚು. ಅಂಥದ್ದು ಕೊಳೆಯತೊಡಗಿದಾಗ ಸೂಕ್ಷ್ಮಜೀವಿಗಳು ಸಿಕ್ಕಿದ ಸಾರಜನಕವನ್ನು ತಾವೇ ತಿಂದುಬಿಡುತ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಅಣಬೆ ಬೀಜ ಸೇರಿಸಿ ಕಾಂಪೋಸ್ಟ್ ಮಾಡಲು ಹೇಳುವುದು ಸುಮ್ಮನೆ ಅಲ್ಲ. ಬಿಲ್ಲೆಯಲ್ಲಿ ಎದ್ದ ಸಸಿ ಬದುಕಿದರೂ ಮೊದಲ ಬೀಜದೆಲೆಗಳ ನಂತರದ ನಿಜವಾದ ಎಲೆ ಬರುವಷ್ಟರಲ್ಲಿ ಮಣ್ಣಿಗೆ ದಾಟಿಸಬೇಕು, ಇಲ್ಲದಿದ್ದರೆ ಹಳದಿಯಾಗುತ್ತದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಬಿಲ್ಲೆಯ ಮೇಲ್ಭಾಗ ಒಣಗಿ ತಿಳಿಕಂದು ಕಾಣುವಾಗಲೂ ಒಳಗೆ ಸ್ಪಂಜಿನಷ್ಟು ನೀರಿರುತ್ತದೆ. ಒಣಗಿತೆಂದು ಪುನಃ ನೀರು ಹಾಕಿದರೆ ಸಸಿ ಬುಡದಲ್ಲಿ ನೂಲಿನಷ್ಟು ತೆಳ್ಳಗಾಗಿ ಮಗುಚಿ ಬೀಳುತ್ತದೆ. ಅದು ಪಿಥಿಯಂ, ರೈಜೋಕ್ಟೋನಿಯಾ ಜಾತಿಯ ಸೂಕ್ಷ್ಮಜೀವಿಗಳು ತರುವ ಸಸಿ ಕೊಳೆ ರೋಗ, ಉಪ್ಪಿನ ಹೊಡೆತ ಅಲ್ಲ. ಎಲೆಯಂಚು ಸುಟ್ಟು ಸಸಿ ಕುಗ್ಗಿ ನಿಂತರೆ ಉಪ್ಪಿನ ಮೇಲೆ ಸಂಶಯ ಪಡಿ, ಬುಡ ಸಪೂರವಾಗಿ ಅಡ್ಡ ಬಿದ್ದರೆ ಕೊಳೆ. ಎರಡಕ್ಕೂ ಒಂದೇ ಮದ್ದು ಹೊಡೆಯಬೇಡಿ.

ಬಲೆಯ ವಿಷಯ: ಮಣ್ಣಲ್ಲಿ ಕರಗುತ್ತದೆ ಎಂದು ಹೇಳಿ ಮಾರುತ್ತಾರೆ. ಪಕ್ಕದ ಮನೆಯವರು ಕಳೆದ ವರ್ಷ ಬಲೆ ಸಮೇತ ನೆಟ್ಟ ಟೊಮೆಟೊ ಗಿಡವನ್ನು ಕಿತ್ತಾಗ ಬಲೆ ಹೊಸದರ ಹಾಗೆಯೇ ಇತ್ತು, ದಪ್ಪ ಬೇರುಗಳ ಮೇಲೆ ಅದರ ಗೆರೆ ಕೂಡ ಬಿದ್ದಿತ್ತು. ನೆಡುವ ಮುಂಚೆ ಕತ್ತರಿಯಿಂದ ಕೊಯ್ದು ತೆಗೆಯಿರಿ, ಬೇರು ಸ್ವಲ್ಪ ಹರಿದರೂ ಅಡ್ಡಿಯಿಲ್ಲ.

ಬಿಲ್ಲೆಯೇ ಬೇಕೆನ್ನುವವರು ಇಸಿ ಎಷ್ಟು, ಬಫರ್ ಮಾಡಿದ್ದೋ ಎಂದು ಕೇಳಿ. ಅಂಕಿ ಹೇಳದವರ ಮಾಲು ಬೇಡ. ಹೇಳಿದರೂ ಒಂದರಲ್ಲಿ ಅಗ್ಗದ ಹರಿವೆ ಬೀಜ ಹಾಕಿ ನೋಡಿ, ಬೇಗ ಏಳುತ್ತದೆ, ಬೇಗ ಗೊತ್ತಾಗುತ್ತದೆ. ಉಳಿದ ನನ್ನ ಬಿಲ್ಲೆಗಳನ್ನೆಲ್ಲ ಬಿಡಿಸಿ ಊರಿನ ತೋಟದ ತೆಂಗಿನ ಬುಡಕ್ಕೆ ಸುರಿದೆ, ತೆಂಗು ಉಪ್ಪಿಗೆ ಹೆದರುವ ಮರ ಅಲ್ಲ. ಬಲೆಗಳನ್ನು ಮಾತ್ರ ಒಣಕಸಕ್ಕೆ ಕೊಟ್ಟೆ.