‘ಸೀರೆ ಮೊದಲು ಕಳುಹಿಸಿ, ಆಮೇಲೆ ಹಣ’ ಎಂದರೆ ಕಳುಹಿಸಬೇಡಿ

ಮೈಸೂರು ರೇಷ್ಮೆ ಸೀರೆಗಾಗಿ ಜನ ನಸುಕಿನಲ್ಲೇ ಮಳಿಗೆಯ ಮುಂದೆ ಸಾಲು ನಿಲ್ಲುವ ಕಾಲವಿದು. ಸಾಲು ನಿಲ್ಲಲಾಗದವರನ್ನು ನಂಬಿಕೊಂಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇರೆಯದೇ ವ್ಯಾಪಾರ ನಡೆಯುತ್ತಿದೆ. ‘ಮದುವೆಗೆ ಉಡುಗೊರೆ ಬಂದದ್ದು, ಒಮ್ಮೆಯೂ ಉಟ್ಟಿಲ್ಲ, ಬಣ್ಣ ನನಗೆ ಒಪ್ಪುವುದಿಲ್ಲ’ ಎಂದು ಬರೆದುಕೊಂಡಿದ್ದ ಒಬ್ಬರಿಂದ ಅಕ್ಕನ ಮಗಳ ನಿಶ್ಚಿತಾರ್ಥಕ್ಕೆಂದು ನಾವು 18,000 ರೂಪಾಯಿಗೆ ಕೊಂಡ ಸೀರೆ ನಕಲಿಯಾಗಿತ್ತು.

ಮೈಸೂರು ರೇಷ್ಮೆ ಸೀರೆ ತಯಾರಿಸುವ ಸರ್ಕಾರಿ ನಿಗಮ ಕೆಎಸ್‌ಐಸಿಯ ಅಸಲಿ ಸೀರೆಯಲ್ಲಿ ಸಂಕೇತ ಸಂಖ್ಯೆಯನ್ನು ಬಟ್ಟೆಯ ಮೇಲೆಯೇ ಕಸೂತಿ ಮಾಡಿರುತ್ತಾರೆ. ಒಂದು ಸೀರೆಯ ಸಂಖ್ಯೆ ಇನ್ನೊಂದಕ್ಕಿರುವುದಿಲ್ಲ. ಜೊತೆಗೆ ಹಾಲೊಗ್ರಾಂ ಇರುತ್ತದೆ. ನಮಗೆ ಬಂದ ಸೀರೆಯಲ್ಲಿ ಹಾಲೊಗ್ರಾಂ ಹೊಳೆಯುತ್ತಿತ್ತು, ಆದರೆ ಸಂಖ್ಯೆ ಇದ್ದದ್ದು ಕಾಗದದ ಚೀಟಿಯಲ್ಲಿ ಮಾತ್ರ. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಉಜ್ಜಿದಾಗ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಇದು ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿತು.

ವಿಷಯ ತಿಳಿಸಿದರೆ ಮಾರಿದಾಕೆ ಜಗಳವನ್ನೇ ಆಡಲಿಲ್ಲ. ‘ಅಯ್ಯೋ ಅಕ್ಕಾ, ನನಗೂ ಗೊತ್ತಿರಲಿಲ್ಲ. ಸೀರೆ ಕೊರಿಯರ್ ಮಾಡಿ, ಕೈ ಸೇರಿದ ಕೂಡಲೇ ಹಣ ಹಾಕುತ್ತೇನೆ’ ಎಂದರು. ಕೇಳಲು ಎಷ್ಟು ನ್ಯಾಯವಾದ ಮಾತು! ಅದೇ ಗುಂಪಿನ ಇನ್ನೊಬ್ಬರು ಈ ಮಾತಿಗೆ ಒಪ್ಪಿ ಸೀರೆ ಕಳುಹಿಸಿದ್ದರು. ಮರುದಿನದಿಂದ ಮಾರಿದಾಕೆಗೆ ಅವರ ಕರೆ ಹೋಗುತ್ತಿಲ್ಲ. ಈಗ ಹಣವೂ ಇಲ್ಲ, ಸೀರೆಯೂ ಇಲ್ಲ, ಮೋಸವಾಯಿತೆಂದು ತೋರಿಸಲು ಕೈಯಲ್ಲಿ ಏನೂ ಇಲ್ಲ. ನಕಲಿ ಮಾಲೇ ನಿಮ್ಮ ಸಾಕ್ಷಿ. ಹಣ ಬರುವವರೆಗೆ ಅದು ನಿಮ್ಮ ಬಳಿಯೇ ಇರಲಿ. ತೀರಾ ಒತ್ತಾಯಿಸಿದರೆ ಎದುರುಬದುರು ಕುಳಿತು, ಹಣ ಖಾತೆಗೆ ಬಿದ್ದ ಮೇಲೆ ಕೊಡಿ. ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ವ್ಯವಸ್ಥೆಯಲ್ಲಿ ಬಟ್ಟೆಯ ಪರೀಕ್ಷೆ ಮಾಡಿಸಬಹುದು. ದೀಪದ ಪರೀಕ್ಷೆಗಿಂತ ಆ ವರದಿಗೆ ತೂಕ ಹೆಚ್ಚು.

ನಾನು ಒಪ್ಪದಿದ್ದಾಗ ಕ್ಯೂಆರ್ ಕೋಡ್ ಒಂದು ಬಂತು: ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ವಾಪಸ್ ಬರುತ್ತದಂತೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಇನ್ನು ದೂರಿನ ದಾರಿ. ನಾವೇ ಪಿನ್ ಒತ್ತಿ ಕಳುಹಿಸಿದ ಹಣವನ್ನು ಬ್ಯಾಂಕ್ ತಾನಾಗಿ ಮರಳಿಸುವುದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಎದುರಿನ ಖಾತೆಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯಲು ಅವಕಾಶವಿದೆ, ಆದರೆ ತಡವಾದಷ್ಟೂ ಆ ಹಣ ಬೇರೆಡೆಗೆ ಸಾಗಿರುತ್ತದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂದು ಸಾಗಹಾಕಲು ನೋಡಿದರು. ನಕಲಿ ಎಂದು ತಿಳಿದೂ ಅಸಲಿ ಎಂದು ನಂಬಿಸಿ ಹಣ ಪಡೆದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ದೂರನ್ನು ಬರೆದುಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ.

ಗ್ರಾಹಕರ ಆಯೋಗವೇ ಸುಲಭ ಎಂದುಕೊಂಡಿದ್ದೆ. ವಕೀಲರು ಅಲ್ಲಿನ ತೊಡಕು ಹೇಳಿದರು: ಮನೆಯಲ್ಲಿದ್ದ ಸ್ವಂತ ಸೀರೆಯನ್ನು ಒಮ್ಮೆ ಮಾರಿದವರು ವ್ಯಾಪಾರಿಯಲ್ಲ, ಅಲ್ಲಿ ದೂರು ನಿಲ್ಲುವುದು ಕಷ್ಟ. ಹಾಗಾಗಿ ಮಾರಿದಾಕೆ ವ್ಯಾಪಾರಿಯೇ ಎಂದು ತೋರಿಸಲು, ಆಕೆ ಬೇರೆ ಗುಂಪುಗಳಲ್ಲಿ ಏನು ಹಾಕಿದ್ದಾರೆಂದು ಹುಡುಕಿದೆವು. ಅದೇ ಮಂಚ, ಅದೇ ಹೂವಿನ ಹೊದಿಕೆ, ಮೇಲೆ ದಿನಕ್ಕೊಂದು ಬಣ್ಣದ ‘ಮದುವೆ ಉಡುಗೊರೆ’! ಇಷ್ಟು ಮದುವೆ ಯಾರಿಗಾಗುತ್ತದೆ? ಆ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿದ ಮೇಲೆ ಆಕೆಯ ಗಂಡನ ಕರೆ ಬಂತು. 10,000 ರೂಪಾಯಿ ಬಂದಿದೆ, ಉಳಿದದ್ದಕ್ಕೆ ಕಂತು ಕೇಳಿದ್ದಾರೆ.

ನಿಮಗೂ ಹೀಗೆ ಕಂತಿನಲ್ಲಿ ಬಂದರೆ, ‘ಇಷ್ಟು ಕೊಟ್ಟಿದ್ದೇವೆ, ಇಷ್ಟು ಬಾಕಿ’ ಎಂದು ಅವರಿಂದಲೇ ಬರೆಸಿಕೊಳ್ಳಿ. ಪೂರ್ತಿ ಬರುವ ಮೊದಲು ದೂರು ಹಿಂಪಡೆಯಬೇಡಿ. ‘ಕಳೆದ ಹಣ ವಸೂಲಿ ಮಾಡಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎನ್ನುವ ಅಪರಿಚಿತರ ಕರೆಗಳೂ ಬರುತ್ತವೆ. ನನಗೂ ಬಂದಿದ್ದವು, ಉತ್ತರಿಸಲಿಲ್ಲ.